ಅಕ್ಕನಿಗೆ ಗೊತ್ತಿತ್ತು ಎಂಬುದನ್ನು ಓದುಗರಿಗೆ ಯಾವಾಗ ತಿಳಿಸಬೇಕು?

ಕರಡು ಪ್ರತಿ:

ಅಕ್ಕತಂಗಿಯರಿಬ್ಬರ ಸುತ್ತ ಹೆಣೆದ ರೋಚಕ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಕರಡು ಮುಕ್ಕಾಲು ಭಾಗ ಮುಗಿದಿದೆ. ಉಳಿದದ್ದಕ್ಕೆ ಕೈ ಹಾಕುವ ಮೊದಲು, ಈ ಬಗೆಯ ಕಥೆಗಳನ್ನು ಮನಸ್ಸಿಟ್ಟು ಓದುವವರ ಮುಂದೆ ಒಂದು ಪ್ರಶ್ನೆಯನ್ನಿಡಬೇಕೆನಿಸಿದೆ.

ಕಥೆಯ ಎಳೆ ಹೀಗಿದೆ. ಅಕ್ಕನಿಗೆ ಹನ್ನೊಂದು ವರ್ಷ, ತಂಗಿಗೆ ಐದು ವರ್ಷವಿದ್ದಾಗ ತಾಯಿ ಒಂದು ರಾತ್ರಿ ಕಾಣೆಯಾಗುತ್ತಾಳೆ. ಸಂಸಾರ ಬೇಡವೆಂದು ಎದ್ದುಹೋದಳು ಎಂದು ತಂದೆ ಹೇಳುತ್ತಾನೆ. ಬಂಧುಗಳೂ ಅದನ್ನೇ ಹೇಳುತ್ತಾರೆ. ತಂಗಿ ಆ ಮಾತನ್ನು ನಂಬಿಕೊಂಡೇ ಬೆಳೆಯುತ್ತಾಳೆ, ತಾಯಿಯನ್ನು ದ್ವೇಷಿಸುವುದನ್ನೂ ಕಲಿಯುತ್ತಾಳೆ. ಇಪ್ಪತ್ತೆಂಟು ವರ್ಷಗಳ ನಂತರ, ತಂದೆ ಹಾಸಿಗೆ ಹಿಡಿದು ಒಂದೊಂದೇ ನೆನಪನ್ನು ಕಳೆದುಕೊಳ್ಳುತ್ತಿರುವ ದಿನಗಳಲ್ಲಿ, ತಂಗಿಗೆ ಅಕ್ಕನ ಪೆಟ್ಟಿಗೆಯ ತಳದಲ್ಲಿ ತಾಯಿಯ ಕನ್ನಡಕ ಸಿಗುತ್ತದೆ. ಅದಿಲ್ಲದೆ ಎರಡು ಹೆಜ್ಜೆ ಆಚೆಯದೂ ಕಾಣದಿದ್ದ ಹೆಂಗಸು ಕತ್ತಲಲ್ಲಿ ಅದನ್ನು ಬಿಟ್ಟು ಹೊರಟಿರಲಾರಳು ಎಂಬುದು ತಂಗಿಗೆ ಕೂಡಲೇ ಹೊಳೆಯುತ್ತದೆ. ಕನ್ನಡಕದ ಒಂದು ಕಡ್ಡಿ ಮುರಿದಿದೆ. ಮುರಿದಲ್ಲಿ ದಾರ ಸುತ್ತಿ ಗಂಟು ಹಾಕಲಾಗಿದ್ದು, ಒಂದರ ಮೇಲೊಂದು ಬಿಗಿದ ಆ ನಾಲ್ಕೈದು ಗಂಟುಗಳು ಗಂಟು ಹಾಕಲು ಇನ್ನೂ ಸರಿಯಾಗಿ ಬಾರದ ಮಗುವಿನ ಕೈಯವು.

ಇಲ್ಲಿಂದ ಮುಂದೆ ನನಗೆ ಎರಡು ದಾರಿಗಳಿವೆ. ಅಕ್ಕ ಆ ರಾತ್ರಿ ಕಂಡದ್ದನ್ನು ಕೊನೆಯ ಅಧ್ಯಾಯದವರೆಗೆ ಮುಚ್ಚಿಟ್ಟು ಓದುಗರನ್ನು ಕಾಯಿಸುವುದು ಮೊದಲನೆಯದು. ಅಕ್ಕನಿಗೆ ಎಲ್ಲವೂ ಗೊತ್ತಿತ್ತು ಎಂಬುದನ್ನು ಓದುಗರಿಗೆ ಮೊದಲೇ ತಿಳಿಸಿ, ತಂಗಿಗೆ ಮಾತ್ರ ತಿಳಿಸದೆ ನಡೆಯುವುದು ಎರಡನೆಯದು. ನನ್ನ ಮನಸ್ಸು ಎರಡನೆಯದರ ಕಡೆಗಿದೆ. ಈ ಬಗೆಯ ಕಥೆಯಲ್ಲಿ ಕೊಂದವರು ಯಾರು ಎಂಬ ಪ್ರಶ್ನೆ ಬಹಳ ಬೇಗ ಸವೆದುಹೋಗುತ್ತದೆ. ಗೊತ್ತಿದ್ದವರು ಯಾರು ಯಾರು, ಎಷ್ಟು ಕಾಲದಿಂದ, ಯಾರ ಮುಖ ನೋಡಿಕೊಂಡು ಸುಮ್ಮನಿದ್ದರು ಎಂಬ ಪ್ರಶ್ನೆಯಲ್ಲಿ ನಿಜವಾದ ಭಯವಿದೆ. ಕೊಲೆ ಮಾಡಿದವರನ್ನು ಕಾನೂನು ಹಿಡಿಯುತ್ತದೆ. ಆದರೆ ತಂಗಿಯ ಪಾಲಿಗೆ ನ್ಯಾಯವೆಂಬುದು, ಇಷ್ಟು ವರ್ಷ ತನ್ನಿಂದ ಬಚ್ಚಿಟ್ಟ ಸತ್ಯವನ್ನು ಬಚ್ಚಿಟ್ಟವರೇ ತನಗೆ ಹೇಳುವುದರಲ್ಲಿದೆ ಎಂದು ನಾನು ನಂಬಿದ್ದೇನೆ. ಸದಸ್ಯರು ಒಪ್ಪದಿದ್ದರೆ ದಯವಿಟ್ಟು ಕಾರಣಸಹಿತ ತಿಳಿಸಿ.

ಸಂಜೆ ಓದು:

ಎರಡನೆಯ ದಾರಿಯನ್ನು ಸಂಕೋಚವಿಲ್ಲದೆ ಹಿಡಿಯಿರಿ. ಇದಕ್ಕೆ ಬಹಳ ಹಿಂದಿನದೊಂದು ಆಧಾರವಿದೆ. ಇಂಗ್ಲಿಷ್ ಕಾದಂಬರಿಕಾರ ವಿಲ್ಕಿ ಕಾಲಿನ್ಸ್ 1862ರಲ್ಲಿ ಪ್ರಕಟಿಸಿದ ‘ನೋ ನೇಮ್’ ನಿಮ್ಮ ವಸ್ತುವಿಗೆ ಬಹಳ ಹತ್ತಿರದ ಕಾದಂಬರಿ: ಇಬ್ಬರು ಸಹೋದರಿಯರು, ತಂದೆತಾಯಿಯರು ಮುಚ್ಚಿಟ್ಟ ಗುಟ್ಟು, ಕಾನೂನೇ ಮಾಡಿದ ಅನ್ಯಾಯ. ಅದಕ್ಕೂ ಹಿಂದಿನ ಕಾದಂಬರಿಯಲ್ಲಿ ಗುಟ್ಟನ್ನು ಬಹುದೂರ ಎಳೆದುಕೊಂಡು ಹೋಗಿ ಓದುಗರನ್ನು ಗೆದ್ದಿದ್ದ ಅದೇ ಲೇಖಕ ಇಲ್ಲಿ ಮುನ್ನುಡಿಯಲ್ಲೇ, ಈ ಪುಸ್ತಕದಲ್ಲಿರುವ ಒಂದೇ ಒಂದು ರಹಸ್ಯ ಮೊದಲನೆಯ ಸಂಪುಟದ ನಡುವಿನಲ್ಲೇ ಬಯಲಾಗುತ್ತದೆ ಎಂದು ಹೇಳಿಬಿಡುತ್ತಾನೆ. ಅಲ್ಲಿಂದ ಮುಂದೆ ಓದುಗರನ್ನು ಹಿಡಿದು ನಿಲ್ಲಿಸುವುದು ಗುಟ್ಟು ತಿಳಿದ ಮೇಲೆ ಇಬ್ಬರು ಸಹೋದರಿಯರು ಹಿಡಿಯುವ ಬೇರೆ ಬೇರೆ ದಾರಿಗಳು.

ಆ ಗುಟ್ಟನ್ನು ಕಟ್ಟಿರುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಎಷ್ಟೋ ರೋಚಕ ಕಾದಂಬರಿಗಳಲ್ಲಿ ಕಾಣದ ಬಿಗಿ ಅದರಲ್ಲಿದೆ. ತಂದೆಗೆ ಯೌವನದಲ್ಲಿ ಒಂದು ಮದುವೆಯಾಗಿತ್ತು. ಆ ಹೆಂಡತಿ ಬದುಕಿದ್ದಳು. ಮಕ್ಕಳ ತಾಯಿಯೊಡನೆ ಆತ ಸಂಸಾರ ನಡೆಸಿದ್ದು ಮದುವೆಯಿಲ್ಲದೆ. ಮೊದಲ ಹೆಂಡತಿ ತೀರಿಕೊಂಡ ಸುದ್ದಿ ಬಂದ ಕೂಡಲೇ ಇಬ್ಬರೂ ಗುಟ್ಟಾಗಿ ಮದುವೆಯಾಗುತ್ತಾರೆ. ಹೆಣ್ಣುಮಕ್ಕಳಿಗೆ ಒಳ್ಳೆಯದಾಗಲೆಂದು ಮಾಡಿಕೊಂಡ ಆ ಮದುವೆಯೇ ಅವರನ್ನು ಬೀದಿಗೆ ತಳ್ಳುತ್ತದೆ. ಇಂಗ್ಲೆಂಡಿನ 1837ರ ಉಯಿಲುಗಳ ಕಾಯ್ದೆಯ ಪ್ರಕಾರ, ಮದುವೆಯಾದರೆ ಅದಕ್ಕೆ ಮೊದಲು ಬರೆದಿಟ್ಟ ಉಯಿಲು ರದ್ದಾಗುತ್ತದೆ. ಹೊಸ ಉಯಿಲು ಬರೆಯುವ ಮೊದಲೇ ತಂದೆ ರೈಲು ಅಪಘಾತದಲ್ಲಿ ಸಾಯುತ್ತಾನೆ, ತಾಯಿಯೂ ಹಿಂದೆಯೇ ಹೋಗುತ್ತಾಳೆ, ಮದುವೆಗೆ ಮೊದಲು ಹುಟ್ಟಿದ ಮಕ್ಕಳಿಗೆ ಹೆಸರೂ ಇಲ್ಲ, ಆಸ್ತಿಯೂ ಇಲ್ಲ. ಇಲ್ಲಿ ಖಳನೆಂದು ಬೆರಳು ಮಾಡಿ ತೋರಿಸಲು ತಂದೆಯೂ ಇಲ್ಲ, ತಾಯಿಯೂ ಇಲ್ಲ. ಇರುವುದು ಒಂದು ಕಲಮು.

ಆ ಕಾನೂನು ಬದಲಾಗಲು ಎಷ್ಟು ಕಾಲ ಹಿಡಿಯಿತು ಎಂಬುದನ್ನೂ ನೋಡಿ. ಮಕ್ಕಳು ಹುಟ್ಟಿದ ನಂತರ ತಂದೆತಾಯಿಯರು ಮದುವೆಯಾದರೆ ಆ ಮಕ್ಕಳನ್ನು ಸಕ್ರಮವೆಂದು ಒಪ್ಪುವ ಕಾಯ್ದೆ ಅಲ್ಲಿ ಬಂದದ್ದು 1926ರಲ್ಲಿ. ಅದರಲ್ಲೂ, ಮಗು ಹುಟ್ಟಿದಾಗ ತಂದೆ ಅಥವಾ ತಾಯಿ ಬೇರೊಬ್ಬರನ್ನು ಮದುವೆಯಾಗಿದ್ದರೆ ಈ ಸೌಲಭ್ಯವಿರಲಿಲ್ಲ. ಆ ಅಡ್ಡಿ ತೆಗೆದದ್ದು 1959ರಲ್ಲಿ. ಅಂದರೆ ಈ ಸಹೋದರಿಯರಿಗೆ 1926ರ ಕಾಯ್ದೆಯಿಂದಲೂ ಪ್ರಯೋಜನವಾಗುತ್ತಿರಲಿಲ್ಲ. ಕಾಲಿನ್ಸ್ ತಾನೇ ವಕೀಲಿ ಓದಿದವನಾದ್ದರಿಂದ ಗಂಟನ್ನು ಸರಿಯಾದ ಜಾಗದಲ್ಲೇ ಹಾಕಿದ್ದಾನೆ. ಕರಡು ಪ್ರತಿಯವರೇ, ನಿಮ್ಮ ಕಥೆಯಲ್ಲೂ ಕಾನೂನಿನ ಒಂದು ನಿರ್ದಿಷ್ಟ ಕಲಮು ಅಕ್ಕತಂಗಿಯರ ನಡುವೆ ಬಂದು ನಿಲ್ಲಬೇಕು. ‘ನ್ಯಾಯ’ ಎಂಬ ದೊಡ್ಡ ಮಾತೊಂದರಿಂದಲೇ ಓದುಗರಿಗೆ ಎದೆ ಹೊಡೆದುಕೊಳ್ಳುವುದಿಲ್ಲ.

ಕಪ್ಪು ಕೋಟು:

ವೃತ್ತಿಯಿಂದ ವಕೀಲನಾದ ನಾನು ಸಂಜೆ ಓದು ಅವರ ಕೊನೆಯ ಮಾತನ್ನು ಹಿಡಿದುಕೊಂಡೇ ಬರೆಯುತ್ತೇನೆ. ಕಥೆ ಭಾರತದಲ್ಲಿ ನಡೆಯುತ್ತದೆ ಎಂದಿಟ್ಟುಕೊಂಡರೆ ಅಕ್ಕನ ಸ್ಥಿತಿ ಏನು?

ಹನ್ನೊಂದು ವರ್ಷದ ಹುಡುಗಿ ಕನ್ನಡಕವನ್ನು ಎತ್ತಿಟ್ಟುಕೊಂಡದ್ದಕ್ಕೆ ಯಾವ ನ್ಯಾಯಾಲಯವೂ ಅವಳನ್ನು ಶಿಕ್ಷಿಸಲಾರದು. ಏಳು ವರ್ಷದೊಳಗಿನ ಮಗುವಿಗೆ ಅಪರಾಧದ ಹೊಣೆಯೇ ಇಲ್ಲ. ಏಳರಿಂದ ಹನ್ನೆರಡರ ನಡುವಿನ ಮಗುವಿಗೆ ತಾನು ಮಾಡುತ್ತಿರುವುದರ ಸ್ವರೂಪ ಮತ್ತು ಪರಿಣಾಮ ತಿಳಿಯುವಷ್ಟು ಪ್ರೌಢತೆ ಇತ್ತೇ ಎಂದು ನೋಡಬೇಕಾಗುತ್ತದೆ. ನಿಜವಾದ ತೊಡಕು ಇರುವುದು ಅವಳು ದೊಡ್ಡವಳಾದ ಮೇಲಿನ ವರ್ಷಗಳಲ್ಲಿ. ಕೊಲೆಯಂಥ ಘೋರ ಅಪರಾಧ ನಡೆದದ್ದು ಗೊತ್ತಿರುವವರು ಸಮಂಜಸ ಕಾರಣವಿಲ್ಲದಿದ್ದರೆ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸಲೇಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 39ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಆ ಕರ್ತವ್ಯ ಉಳಿದಿದೆ. ‘ಆತ ನನ್ನ ತಂದೆ’ ಎಂಬುದಕ್ಕೆ ಅಲ್ಲಿ ಪ್ರತ್ಯೇಕ ವಿನಾಯಿತಿ ಇಲ್ಲ.

ಇದಕ್ಕಿಂತ ಹೆಚ್ಚು ಕಾಡುವ ಸಂಗತಿಯೊಂದಿದೆ. ಅಪರಾಧಿಗೆ ಆಶ್ರಯ ಕೊಟ್ಟು ಬಚ್ಚಿಡುವುದು ಅಪರಾಧವೆನ್ನುವ ಹಳೆಯ ದಂಡ ಸಂಹಿತೆಯ 212ನೇ ಕಲಮಿನಲ್ಲಿ ಗಂಡ ಅಥವಾ ಹೆಂಡತಿ ಬಚ್ಚಿಟ್ಟರೆ ಅದು ಅನ್ವಯಿಸದು ಎಂಬ ವಿನಾಯಿತಿ ಇದೆ. ಸಹೋದರಿಗೆ ಅದಿಲ್ಲ. ಅಂದರೆ ಕಾನೂನು ದಾಂಪತ್ಯದ ಮಮಕಾರವನ್ನು ಒಪ್ಪುತ್ತದೆ, ಒಡಹುಟ್ಟಿದವರ ಮಮಕಾರವನ್ನು ಒಪ್ಪುವುದಿಲ್ಲ. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿ ಒಡಹುಟ್ಟಿದವರ ವಿರುದ್ಧ ಸಾಕ್ಷಿ ಹೇಳಲು ನಿರಾಕರಿಸುವ ಹಕ್ಕಿದೆ. ಹತ್ತಿರದ ಬಂಧುವನ್ನು ಶಿಕ್ಷೆಯಿಂದ ತಪ್ಪಿಸಲು ನೆರವಾದವರಿಗೆ ಆ ನೆರವಿಗಾಗಿ ಶಿಕ್ಷೆಯಿಲ್ಲ. ಒಂದೇ ಅಕ್ಕ, ಒಂದೇ ಮೌನ. ಗಡಿಯ ಈಚೆಗೆ ಅಪರಾಧವಾಗಬಹುದಾದದ್ದು ಆಚೆಗೆ ಹಕ್ಕಾಗಿ ನಿಲ್ಲುತ್ತದೆ. ರೋಚಕ ಕಾದಂಬರಿಕಾರರು ಈ ಬಿರುಕನ್ನು ಏಕೆ ಬಳಸಿಕೊಳ್ಳುವುದಿಲ್ಲವೋ ನನಗೆ ತಿಳಿಯದು.

ಕಾಲಮಿತಿಯ ವಿಚಾರಕ್ಕೆ ಬಂದರೆ, ಇಪ್ಪತ್ತೆಂಟು ವರ್ಷ ಕಳೆದಿದೆಯೆಂಬ ಕಾರಣಕ್ಕೆ ಕೊಲೆಯ ಪ್ರಕರಣ ಬಿದ್ದುಹೋಗುವುದಿಲ್ಲ. ನಮ್ಮಲ್ಲಿ ಕಾಲಮಿತಿ ಇರುವುದು ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಿಲ್ಲದ ಅಪರಾಧಗಳಿಗೆ ಮಾತ್ರ. ಜಪಾನಿನಲ್ಲಿ ಕೊಲೆಗೂ ಕಾಲಮಿತಿ ಇತ್ತು. ಅದನ್ನು 2010ರಲ್ಲಿ ತೆಗೆದುಹಾಕಿದರು. ಇನ್ನು ಕಾಣೆಯಾದವರ ಬಗ್ಗೆ, ಸಹಜವಾಗಿ ಸುದ್ದಿ ತಿಳಿಯಬೇಕಾಗಿದ್ದವರಿಗೆ ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ, ಆ ವ್ಯಕ್ತಿ ಬದುಕಿದ್ದಾರೆಂದು ವಾದಿಸುವವರೇ ಅದನ್ನು ರುಜುವಾತುಪಡಿಸಬೇಕಾಗುತ್ತದೆ. ತಾಯಿ ತೀರಿಕೊಂಡಿದ್ದಾಳೆಂದು ಘೋಷಿಸುವಂತೆ ನ್ಯಾಯಾಲಯಕ್ಕೆ ಹೋದವರು ಯಾರು ಎಂಬುದನ್ನು ನಿಮ್ಮ ತಂಗಿ ಹುಡುಕಲಿ. ಹೆಂಡತಿ ಎದ್ದುಹೋದಳೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ ಗಂಡ ಏಳು ವರ್ಷ ತುಂಬಿದ ಕೂಡಲೇ ಅವಳು ಸತ್ತಳೆಂದು ಅರ್ಜಿ ಹಾಕಿದ್ದರೆ, ಆ ಅರ್ಜಿಯ ಪ್ರತಿ ಕನ್ನಡಕದಷ್ಟೇ ಮಾತನಾಡುತ್ತದೆ.

ಮೂರನೆಯ ಮಗಳು:

ನಾನು ಕರಡು ಪ್ರತಿಯವರ ಮೂಲ ನಂಬಿಕೆಯನ್ನೇ ಒಪ್ಪುವುದಿಲ್ಲ. ಸತ್ಯವನ್ನು ಬಚ್ಚಿಟ್ಟವರೇ ಹೇಳಿದರೆ ನ್ಯಾಯ ಸಿಕ್ಕಂತೆ ಎನ್ನುವಾಗ, ಹನ್ನೊಂದು ವರ್ಷದ ಹುಡುಗಿಯನ್ನು ನಾವು ತಂದೆಯ ಪಕ್ಕದಲ್ಲಿ ನಿಲ್ಲಿಸುತ್ತಿದ್ದೇವೆ. ಆ ಮನೆಯಲ್ಲಿ ಆ ರಾತ್ರಿ ಅವಳೂ ತಾಯಿಯನ್ನು ಕಳೆದುಕೊಂಡಿದ್ದಾಳೆ. ತಂಗಿಗೆ ಕೊನೆಯ ಪಕ್ಷ ದ್ವೇಷಿಸಲು ಒಂದು ಕಥೆಯಾದರೂ ಸಿಕ್ಕಿತು. ಅಕ್ಕನಿಗೆ ಅದೂ ಸಿಗಲಿಲ್ಲ. ಅವಳು ಕೊಂದವನ ಕೈಯ ಅನ್ನ ತಿಂದು, ಅವನ ಮನೆಯಲ್ಲೇ ಮಲಗಿ, ತಂಗಿಯನ್ನು ಅವನಿಂದ ಕಾಪಾಡುತ್ತ ಬೆಳೆದವಳು. ಅವಳ ಮೌನಕ್ಕೆ ಗುಟ್ಟು ಎಂಬ ಹೆಸರಿಟ್ಟು ಅದನ್ನು ಬಯಲಿಗೆಳೆಯುವುದೇ ನ್ಯಾಯವೆನ್ನುವ ಕಾದಂಬರಿಗಳನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ‘ಕೆರೆಗೆ ಹಾರ’ವನ್ನು ನೆನಪಿಸಿಕೊಳ್ಳಿ. ಅದನ್ನು ತ್ಯಾಗದ ಹಾಡೆಂದೇ ಓದುತ್ತ ಬಂದಿದ್ದೇವೆ, ಆದರೆ ಅದರ ಕೊನೆಯ ಭಾಗ ಒಂದು ತನಿಖೆಯಂತೆ ನಡೆಯುತ್ತದೆ. ದಂಡಿನಿಂದ ಮರಳಿದ ಗಂಡ ಹೆಂಡತಿ ಎಲ್ಲಿ ಎಂದು ಕೇಳಿದರೆ ಮನೆಯವರು ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ; ತವರಿಗೆ ಹೋದರೆ ಗೆಳತಿಯ ಮನೆಗೆ ಹೋಗಿದ್ದಾಳೆ ಎಂಬ ಉತ್ತರ. ಸತ್ಯ ಹೊರಬೀಳುವುದು ಆ ಗೆಳತಿಯ ಬಾಯಿಂದ. ಭಾಗೀರಥಿ ಹಡೆದವರಿಗೂ ಹೇಳದ ಮಾತನ್ನು ಹೇಳಿಕೊಂಡಿದ್ದು ಅವಳೊಬ್ಬಳಿಗೇ. ಮನೆತನದ ಒಳಗಿರುವವರು ಮಾತನಾಡಲಾರರು ಎಂಬುದು ಆ ಹಾಡು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ನಿಮ್ಮ ಕಾದಂಬರಿಯಲ್ಲಿ ಸತ್ಯ ಹೇಳುವ ಭಾರವನ್ನು ಅಕ್ಕನ ತಲೆಯ ಮೇಲೆ ಹೊರಿಸುವ ಬದಲು, ಮನೆಯ ಹೊರಗಿನ ಒಬ್ಬಳನ್ನು ಹುಡುಕಿ. ತಾಯಿಗೂ ಒಬ್ಬ ಗೆಳತಿ ಇದ್ದಿರಲೇಬೇಕು.

ಸೂಕ್ಷ್ಮದರ್ಶಕ:

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಒಂದು ಸಣ್ಣ ಪ್ರಶ್ನೆಯಿದೆ. ಗಂಡ ಹೆಂಡತಿಯನ್ನು ಕೊಂದದ್ದೇಕೆ ಎಂಬುದಕ್ಕೆ ಕರಡಿನಲ್ಲಿ ಏನು ಕಾರಣ ಕೊಟ್ಟಿದ್ದೀರಿ?

ಕರಡು ಪ್ರತಿ:

ಕಿರಿಯಳು ತನ್ನ ಮಗಳಲ್ಲ ಎಂಬ ಅನುಮಾನ ಅವನಿಗಿತ್ತು. ಅದು ನಿಜವೋ ಸುಳ್ಳೋ ಎಂಬುದನ್ನು ಕೊನೆಗೆ ರಕ್ತದ ಗುಂಪಿನ ಮೂಲಕ ತಿಳಿಸುವುದೆಂದು ಯೋಚಿಸಿದ್ದೆ. ತಂದೆಯದು ‘ಓ’, ತಾಯಿಯದೂ ‘ಓ’, ತಂಗಿಯದು ‘ಬಿ’.

ಮೂರನೆಯ ಮಗಳು ಅವರೇ, ತಾಯಿಯ ಗೆಳತಿಯ ವಿಚಾರ ನನ್ನೊಳಗೆ ಕೆಲಸ ಮಾಡುತ್ತಿದೆ. ಅಕ್ಕನ ಬಗ್ಗೆ ನೀವು ಹೇಳಿದ್ದಕ್ಕೆ ಸ್ವಲ್ಪ ಯೋಚಿಸಿ ಉತ್ತರಿಸುತ್ತೇನೆ.

ಸೂಕ್ಷ್ಮದರ್ಶಕ:

ರಕ್ತದ ಗುಂಪನ್ನು ನೆಚ್ಚಿಕೊಳ್ಳಬೇಡಿ. ‘ಓ’ ಗುಂಪಿನ ಇಬ್ಬರಿಗೆ ‘ಬಿ’ ಗುಂಪಿನ ಮಗು ಹುಟ್ಟುವುದಿಲ್ಲ ಎಂಬ ಪಠ್ಯಪುಸ್ತಕದ ನಿಯಮಕ್ಕೆ ಒಂದು ಅಪರೂಪದ ಅಪವಾದವಿದೆ, ಅದು ವರದಿಯಾದದ್ದು ನಮ್ಮ ದೇಶದಲ್ಲೇ, 1952ರಲ್ಲಿ. ಬಾಂಬೆ ರಕ್ತದ ಗುಂಪು ಎಂದು ಕರೆಯುವ ಈ ಸ್ಥಿತಿಯಲ್ಲಿ ಎ ಮತ್ತು ಬಿ ಪ್ರತಿಜನಕಗಳು (ರಕ್ತದ ಗುಂಪನ್ನು ನಿರ್ಧರಿಸುವ ಗುರುತುಗಳು) ರೂಪುಗೊಳ್ಳಲು ಬೇಕಾದ ಎಚ್ ಎಂಬ ಮೂಲವಸ್ತುವೇ ಇರುವುದಿಲ್ಲ. ಹೀಗಾಗಿ ‘ಬಿ’ ಜೀನನ್ನು ಹೊತ್ತವರೂ ಸಾಮಾನ್ಯ ಪರೀಕ್ಷೆಯಲ್ಲಿ ‘ಓ’ ಎಂದೇ ಕಾಣಿಸಿಕೊಳ್ಳುತ್ತಾರೆ, ಅವರ ಮಗುವಿನಲ್ಲಿ ಆ ‘ಬಿ’ ಮತ್ತೆ ಮೇಲೆ ಬರಬಹುದು. ಯೋಚಿಸಿ ನೋಡಿ: ಹೆಂಡತಿಯನ್ನು ಅನುಮಾನಿಸಿದ ಆ ಮನುಷ್ಯ ಒಂದು ಚೀಟಿಯಲ್ಲಿ ಬರೆದ ಅಕ್ಷರವನ್ನು ನಂಬಿದ, ಆ ಅಕ್ಷರದ ಹಿಂದೆ ಅವನದೇ ರಕ್ತದ ವಿಲಕ್ಷಣತೆಯಿತ್ತು. ತಾಯಿ ನಿರಪರಾಧಿ. ಇದಕ್ಕಿಂತ ಕ್ರೂರವಾದ ತಿರುವು ನನಗೆ ಹೊಳೆಯದು, ಮತ್ತು ಇದು ವೈದ್ಯಕೀಯವಾಗಿ ಸಾಧ್ಯವಿರುವಂಥದ್ದು.

ಹಾಗಾದರೆ ಸತ್ಯ ತಿಳಿಯುವುದು ಹೇಗೆ? ಇಲ್ಲಿ ಕಥೆ ಅಕ್ಕತಂಗಿಯರದಾಗಿರುವುದು ಒಂದು ಭಾಗ್ಯ. ತಂದೆಗೆ ಇರುವುದು ಒಂದೇ ಎಕ್ಸ್ ವರ್ಣತಂತು. ಅದು ಹೆಚ್ಚುಕಡಿಮೆ ಹಾಗೆಯೇ, ತುಂಡಾಗದೆ, ಅವನ ಪ್ರತಿಯೊಬ್ಬ ಮಗಳಿಗೂ ಹೋಗುತ್ತದೆ. ಆದ್ದರಿಂದ ಒಬ್ಬನೇ ತಂದೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಂದು ಇಡೀ ಎಕ್ಸ್ ಒಂದೇ ಆಗಿರಲೇಬೇಕು. ಅಕ್ಕ ಮತ್ತು ತಮ್ಮನನ್ನು ಪರೀಕ್ಷಿಸಿದರೆ ಈ ಉತ್ತರ ಸಿಗುವುದಿಲ್ಲ, ಏಕೆಂದರೆ ಮಗನಿಗೆ ತಂದೆಯ ಎಕ್ಸ್ ಹೋಗುವುದೇ ಇಲ್ಲ. ಹಾಸಿಗೆ ಹಿಡಿದ ತಂದೆಯನ್ನು ಮುಟ್ಟದೆ, ಅವನ ಒಪ್ಪಿಗೆ ಕೇಳದೆ, ಇಬ್ಬರು ಸಹೋದರಿಯರು ತಮ್ಮಿಬ್ಬರ ಮಾದರಿಯನ್ನಷ್ಟೇ ಕೊಟ್ಟು ತಂದೆಯ ಅನುಮಾನ ಸುಳ್ಳೆಂದು ತಿಳಿಯಬಹುದು. ಆದರೆ ಅದಕ್ಕೆ ಅಕ್ಕನೂ ಮಾದರಿ ಕೊಡಬೇಕು. ತಂಗಿ ಒಬ್ಬಳೇ ಮಾಡಲಾಗದ ಕೆಲಸವದು.

ಸಂಜೆ ಓದು:

ಸೂಕ್ಷ್ಮದರ್ಶಕ ಅವರ ಕೊನೆಯ ವಾಕ್ಯ ನನಗೆ ಬಹಳ ಹಿಡಿಸಿತು. ಪ್ರಯೋಗಾಲಯದ ವರದಿ ಅಂಚೆಯಲ್ಲಿ ಬಂದು ಗುಟ್ಟನ್ನು ಬಿಚ್ಚುವ ಕಾದಂಬರಿಗಳು ಈಚೆಗೆ ಹೆಚ್ಚಾಗಿವೆ. ಅವುಗಳಲ್ಲಿ ಪಾತ್ರಗಳು ಸುಮ್ಮನೆ ಕುಳಿತಿರುತ್ತವೆ, ಕಾಗದ ಎಲ್ಲ ಕೆಲಸವನ್ನೂ ಮಾಡುತ್ತದೆ. ಇಲ್ಲಿ ಅಕ್ಕ ಒಪ್ಪುತ್ತಾಳೋ ಇಲ್ಲವೋ ಎಂಬುದೇ ದೃಶ್ಯವಾಗುತ್ತದೆ. ಅವಳು ಹಿಂಜರಿದರೆ, ತಂಗಿಯ ಹುಟ್ಟಿನ ಬಗ್ಗೆ ತಂದೆ ಅಂದಿದ್ದನ್ನು ಅವಳೂ ಇಷ್ಟು ವರ್ಷ ನಂಬಿದ್ದಳು ಎಂದಾಗುತ್ತದೆ. ಅದು ಕನ್ನಡಕಕ್ಕಿಂತ ಆಳವಾದ ಗಾಯ.

ಸಾಕ್ಷಿಕಟ್ಟೆ:

ಚರ್ಚೆಯಲ್ಲಿ ಇದುವರೆಗೆ ಎಲ್ಲರೂ ಅಕ್ಕ ಕಂಡದ್ದು ಸತ್ಯ, ತಂಗಿ ಏನನ್ನೂ ಕಂಡಿಲ್ಲ ಎಂದು ಇಟ್ಟುಕೊಂಡೇ ಮಾತನಾಡಿದ್ದಾರೆ. ಮನಶ್ಶಾಸ್ತ್ರದ ಹಿನ್ನೆಲೆಯಿಂದ ಬಂದ ನನಗೆ ಅದು ಅಷ್ಟು ಸರಳವಾಗಿ ಕಾಣುವುದಿಲ್ಲ.

ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 24 ಮಂದಿಗೆ ಅವರ ಬಾಲ್ಯದ ನಾಲ್ಕು ಘಟನೆಗಳನ್ನು ಬರೆದುಕೊಟ್ಟರು. ಮೂರು ನಿಜವಾದವು, ಮನೆಯವರಿಂದಲೇ ಕೇಳಿ ತಿಳಿದುಕೊಂಡವು. ನಾಲ್ಕನೆಯದು, ಸುಮಾರು ಐದು ವರ್ಷದವರಿದ್ದಾಗ ದೊಡ್ಡ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದರು ಎಂಬುದು, ಕಟ್ಟುಕಥೆ. ಸುಮಾರು ನಾಲ್ಕರಲ್ಲಿ ಒಬ್ಬರು ಆ ಕಟ್ಟುಕಥೆಯನ್ನು ಪೂರ್ತಿಯಾಗಿಯೋ ಭಾಗಶಃವೋ ತಮ್ಮ ನೆನಪೆಂದೇ ಹೇಳಿದರು. ಪ್ರಯೋಗದ ಪದ್ಧತಿಯನ್ನು ಪ್ರಶ್ನಿಸಿದವರೂ ಇದ್ದಾರೆ. ಆದರೆ ನಿಮ್ಮ ಕಥೆಯಲ್ಲಿ ತಂಗಿಗೂ ಆಗ ಐದೇ ವರ್ಷ, ಕಥೆಯನ್ನು ಅವಳಿಗೆ ಹೇಳಿದವರೂ ಮನೆಯವರೇ. ತಾಯಿ ಚೀಲ ಹಿಡಿದು ಬಾಗಿಲು ದಾಟಿ ಹೋದದ್ದನ್ನು ತಾನು ಕಣ್ಣಾರೆ ಕಂಡೆ ಎಂದು ತಂಗಿ ಪ್ರಾಮಾಣಿಕವಾಗಿ ನಂಬಿರಬಹುದು. ತಂದೆಯ ಸುಳ್ಳಿಗೆ ಅತ್ಯಂತ ಗಟ್ಟಿಯಾದ ಸಾಕ್ಷಿ ಅವಳೇ ಆಗಿರಬಹುದು.

2001ರಲ್ಲಿ ಅವಳಿಗಳ ಬಗ್ಗೆ ಬಂದ ಅಧ್ಯಯನವೊಂದು ಇನ್ನೂ ಕುತೂಹಲಕರವಾದುದು. ಒಂದೇ ಘಟನೆ ತಮಗೇ ಆದದ್ದೆಂದು ಇಬ್ಬರೂ ವಾದಿಸುವ ನೆನಪುಗಳು ಅವಳಿಗಳಲ್ಲಿ ಮತ್ತೆ ಮತ್ತೆ ಸಿಕ್ಕಿದವು. ಬಿದ್ದು ಗಾಯ ಮಾಡಿಕೊಂಡವರು ಯಾರು, ಬಹುಮಾನ ಗೆದ್ದವರು ಯಾರು ಎಂಬುದರಲ್ಲೂ ಒಮ್ಮತವಿರಲಿಲ್ಲ. ಒಂದೇ ಕೋಣೆಯಲ್ಲಿ ಮಲಗಿ ಬೆಳೆದ ಅಕ್ಕತಂಗಿಯರಲ್ಲೂ ಇಂಥದ್ದು ನಡೆಯಲಾರದೆ ಎಂದು ನಾನು ಕೇಳಿಕೊಳ್ಳುತ್ತೇನೆ. ಆ ರಾತ್ರಿ ಎಚ್ಚರವಿದ್ದವಳು ಅಕ್ಕನೇ, ಅಥವಾ ತಂಗಿ ಎಚ್ಚರವಿದ್ದು ಅಕ್ಕನಿಗೆ ಹೇಳಿ, ಅಕ್ಕ ಅದನ್ನು ತನ್ನದಾಗಿಸಿಕೊಂಡು ತಂಗಿ ಮರೆಯುವವರೆಗೂ ಕಾದಳೇ? ಕನ್ನಡಕದ ದಾರದ ಗಂಟು ಗಂಟು ಹಾಕಲು ಬಾರದ ಮಗುವಿನದು ಎಂದು ನೀವೇ ಬರೆದಿದ್ದೀರಿ. ಹನ್ನೊಂದು ವರ್ಷದವಳಿಗೆ ಗಂಟು ಹಾಕಲು ಬರುವುದಿಲ್ಲವೇ?

ಕರಡು ಪ್ರತಿ:

ಸಾಕ್ಷಿಕಟ್ಟೆಯವರೇ, ನಿಮ್ಮ ಕೊನೆಯ ಪ್ರಶ್ನೆಯನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಇದು ಕರಡಿನ ಸ್ವರೂಪವನ್ನೇ ಬದಲಿಸುವಂಥದ್ದು. ಕಂಡವಳು ತಂಗಿಯೇ ಆಗಿದ್ದು, ಅಕ್ಕ ಆ ನೆನಪನ್ನು ಅವಳಿಂದ ತೆಗೆದು ತಾನು ಹೊತ್ತುಕೊಂಡಿದ್ದರೆ, ಮೂರನೆಯ ಮಗಳು ಅವರು ಅಕ್ಕನ ಪರವಾಗಿ ಹೇಳಿದ ಪ್ರತಿಯೊಂದು ಮಾತೂ ಕಥೆಯ ಒಳಗಿನಿಂದಲೇ ಹೊರಡುತ್ತದೆ.

ಆದರೂ ಒಂದು ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಪ್ರೀತಿಯಿಂದ ಬಚ್ಚಿಟ್ಟರೂ ಬಚ್ಚಿಟ್ಟದ್ದು ಬಚ್ಚಿಟ್ಟದ್ದೇ. ತಂಗಿ ಇಪ್ಪತ್ತೆಂಟು ವರ್ಷ ತಾಯಿಯನ್ನು ದ್ವೇಷಿಸಿದ್ದಾಳೆ. ಆ ದ್ವೇಷ ಅಕ್ಕನ ಕಣ್ಣೆದುರೇ ಬೆಳೆದಿದೆ, ಅವಳು ಅದನ್ನು ತಡೆದಿಲ್ಲ. ಅದರ ಲೆಕ್ಕವನ್ನು ಅಕ್ಕನೇ ತಂಗಿಗೆ ಒಪ್ಪಿಸಬೇಕು. ತಾಯಿಯ ಗೆಳತಿ ಕಥೆಯಲ್ಲಿ ಬರಲಿ, ತಾಯಿ ಎಂಥವಳಾಗಿದ್ದಳೆಂದು ಹೇಳಲಿ, ಆದರೆ ಆ ರಾತ್ರಿಯ ಮಾತನ್ನು ಅಕ್ಕನ ಬದಲಿಗೆ ಅವಳು ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಮೂರನೆಯ ಮಗಳು:

ಒಪ್ಪದಿರುವುದನ್ನು ಗೌರವಿಸುತ್ತೇನೆ, ಆದರೂ ಇನ್ನೊಂದು ಮಾತು. ಎಲ್ಲವನ್ನೂ ಹೇಳಿಕೊಂಡ ಮೇಲೆ ಅಕ್ಕತಂಗಿಯರು ತಬ್ಬಿಕೊಂಡು ಅಳುವ ಮುಕ್ತಾಯವನ್ನು ಮಾತ್ರ ಬರೆಯಬೇಡಿ. ನಿಜಜೀವನದಲ್ಲಿ ಇಂಥ ಸಹೋದರಿಯರು ಹೇಗಿದ್ದರೆಂಬುದಕ್ಕೆ ಬೋರ್ಡೆನ್ ಪ್ರಕರಣ ನನಗೆ ಬಹಳ ದೊಡ್ಡ ಪಾಠವಾಗಿ ಕಾಣುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್‌ನಲ್ಲಿ 1892ರ ಆಗಸ್ಟ್ 4ರಂದು ಆಂಡ್ರ್ಯೂ ಬೋರ್ಡೆನ್ ಮತ್ತು ಅವನ ಎರಡನೆಯ ಹೆಂಡತಿ ಮನೆಯಲ್ಲೇ ಕೊಡಲಿಯ ಏಟಿನಿಂದ ಕೊಲೆಯಾದರು. ಕಿರಿಯ ಮಗಳು ಲಿಜಿಯ ಮೇಲೆ ಆರೋಪ ಬಂತು; ಆ ದಿನ ಊರಲ್ಲಿರದಿದ್ದ, ಅವಳಿಗಿಂತ ಒಂಬತ್ತು ವರ್ಷ ದೊಡ್ಡವಳಾದ ಎಮ್ಮಾ ವಿಚಾರಣೆಯಲ್ಲಿ ತಂಗಿಯ ಪರವಾಗಿ ಸಾಕ್ಷಿ ನುಡಿದಳು. 1893ರ ಜೂನ್‌ನಲ್ಲಿ ಲಿಜಿ ಖುಲಾಸೆಯಾದಳು. ಆ ಕೊಲೆಗಳಿಗಾಗಿ ಬೇರೆ ಯಾರ ವಿಚಾರಣೆಯೂ ನಡೆಯಲಿಲ್ಲ.

ಪತ್ತೇದಾರಿ ಕುತೂಹಲವಿರುವವರು ಕೊಡಲಿಯ ಸುತ್ತಲೇ ಸುತ್ತುತ್ತಾರೆ. ನನ್ನನ್ನು ಹಿಡಿದಿಟ್ಟಿರುವುದು ಆಮೇಲಿನ ಬದುಕು. ಸಹೋದರಿಯರು ದೊಡ್ಡ ಮನೆಯೊಂದನ್ನು ಕೊಂಡು ಹನ್ನೆರಡು ವರ್ಷದಷ್ಟು ಕಾಲ ಒಟ್ಟಿಗೆ ಬಾಳಿದರು. 1905ರಲ್ಲಿ ಎಮ್ಮಾ ಮನೆ ಬಿಟ್ಟು ಹೋದಳು. ಇಬ್ಬರೂ ಮತ್ತೆ ಒಟ್ಟಾಗಲಿಲ್ಲ, 1927ರ ಜೂನ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಊರಿಗೆ ಊರೇ ಬೆರಳು ತೋರಿಸಿದ ಕಾಲದಲ್ಲಿ ಜೊತೆಗೆ ನಿಂತ ಅಕ್ಕ ಅಷ್ಟು ವರ್ಷದ ಮೇಲೆ ಹೊರಟುಹೋದದ್ದು ಏಕೆ ಎಂಬುದಕ್ಕೆ ಹತ್ತಾರು ಊಹೆಗಳಿವೆ, ಅವುಗಳಲ್ಲಿ ಯಾವುದನ್ನೂ ನಾನು ಇಲ್ಲಿ ಮುಂದೆ ಮಾಡುವುದಿಲ್ಲ. ನ್ಯಾಯಾಲಯ ತೀರ್ಪು ಕೊಟ್ಟ ನಂತರವೂ ಆ ಮನೆಯೊಳಗೆ ವಿಚಾರಣೆ ಮುಂದುವರಿದಿರಬೇಕು ಎಂದಷ್ಟೇ ನನಗನಿಸುತ್ತದೆ. ನಿಮ್ಮ ಕಾದಂಬರಿ ಆ ಎರಡನೆಯ ವಿಚಾರಣೆಯನ್ನು ಬರೆಯಲಿ.

ಕಪ್ಪು ಕೋಟು:

ಕೊನೆಯ ಭಾಗ ಪೊಲೀಸ್ ಠಾಣೆಯಲ್ಲಿ ನಡೆಯುವುದಾದರೆ ಕೆಲವು ವಿವರಗಳನ್ನು ಗಮನಿಸಿ. ಬಹಳ ಕಾದಂಬರಿಗಳು ಎಡವುವುದು ಇಲ್ಲೇ.

ಪ್ರಥಮ ವರ್ತಮಾನ (ಪೊಲೀಸರಿಗೆ ಬರುವ ಮೊದಲ ದೂರು) ಕೊಡುವವರ ಹೇಳಿಕೆಯನ್ನು ಬರೆದುಕೊಂಡು, ಓದಿ ಹೇಳಿ, ಅವರ ಸಹಿ ಪಡೆಯಬೇಕು, ಪ್ರತಿಯೊಂದನ್ನು ಅವರಿಗೆ ಉಚಿತವಾಗಿ ಕೊಡಬೇಕು. ಆದರೆ ತನಿಖೆಯ ವೇಳೆಯಲ್ಲಿ ಸಾಕ್ಷಿದಾರರು ಪೊಲೀಸರಿಗೆ ಕೊಡುವ ಹೇಳಿಕೆಯನ್ನು ಬರೆದುಕೊಂಡರೂ ಅದಕ್ಕೆ ಸಾಕ್ಷಿದಾರರ ಸಹಿ ಹಾಕಿಸುವಂತಿಲ್ಲ. ಅಕ್ಕ ಠಾಣೆಯಲ್ಲಿ ನಡುಗುವ ಕೈಯಿಂದ ತನ್ನ ಹೇಳಿಕೆಗೆ ಸಹಿ ಹಾಕಿದಳು ಎಂದು ದಯವಿಟ್ಟು ಬರೆಯಬೇಡಿ. ಸಹಿ ಹಾಕುವವಳು ದೂರು ಕೊಡುವ ತಂಗಿ. ಏನನ್ನೂ ಕಂಡ ನೆನಪಿಲ್ಲದವಳ ಸಹಿಯ ಮೇಲೆ ಪ್ರಕರಣ ಶುರುವಾಗುತ್ತದೆ, ಎಲ್ಲವನ್ನೂ ಬಲ್ಲವಳ ಮಾತು ಸಹಿಯಿಲ್ಲದೆ ಕಡತಕ್ಕೆ ಸೇರುತ್ತದೆ. ಅಕ್ಕನ ಮಾತಿಗೆ ತೂಕ ಬರಬೇಕಾದರೆ ಅವಳು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಬೇಕು, ಮುಂದೆ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳಿ ಪಾಟೀಸವಾಲನ್ನು ಎದುರಿಸಬೇಕು. ಆ ಪಾಟೀಸವಾಲಿನಲ್ಲಿ ಸಾಕ್ಷಿಕಟ್ಟೆಯವರು ಎತ್ತಿದ ಪ್ರಶ್ನೆ ಬಂದೇ ಬರುತ್ತದೆ: ಇದನ್ನು ನೀವು ಕಂಡಿದ್ದೋ, ನಿಮ್ಮ ತಂಗಿ ಹೇಳಿ ಕೇಳಿದ್ದೋ? ತಾನು ಕಾಣದ್ದನ್ನು ಬೇರೊಬ್ಬರು ಹೇಳಿದರೆಂದು ಸಾಕ್ಷಿ ನುಡಿದರೆ ನ್ಯಾಯಾಲಯ ಸಾಮಾನ್ಯವಾಗಿ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಅಕ್ಕ ನಿಜ ಹೇಳಿದರೆ ತಂದೆ ತಪ್ಪಿಸಿಕೊಳ್ಳಬಹುದು. ತಾನೇ ಕಂಡೆನೆಂದರೆ ತಂಗಿಗಾಗಿ ಮತ್ತೊಂದು ಸುಳ್ಳು, ಈ ಬಾರಿ ಪ್ರಮಾಣ ಮಾಡಿ ಹೇಳಿದ ಸುಳ್ಳು. ನೀವು ಹುಡುಕುತ್ತಿದ್ದ ಕಲಮು ಇದೇ ಇರಬಹುದು.

ಅಪರಾಧ ನಡೆದದ್ದು ಹಳೆಯ ದಂಡ ಸಂಹಿತೆಯ ಕಾಲದಲ್ಲಾದ್ದರಿಂದ ಆರೋಪ ಹಳೆಯ ಕಲಮುಗಳ ಅಡಿಯಲ್ಲೇ ಇರುತ್ತದೆ, ದೂರು 2024ರ ಜುಲೈ ನಂತರ ದಾಖಲಾದರೆ ತನಿಖೆಯ ಕ್ರಮ ಮಾತ್ರ ಹೊಸ ಸಂಹಿತೆಯಂತೆ. ತಂದೆಗೆ ತನ್ನನ್ನು ಸಮರ್ಥಿಸಿಕೊಳ್ಳುವಷ್ಟು ಬುದ್ಧಿ ಸ್ಥಿಮಿತವಿಲ್ಲವೆಂದು ವೈದ್ಯಕೀಯ ಪರೀಕ್ಷೆಯಲ್ಲಿ ಕಂಡುಬಂದರೆ ವಿಚಾರಣೆಯನ್ನು ಮುಂದೂಡಲಾಗುತ್ತದೆ. ಅವನ ವಯಸ್ಸಿನಲ್ಲಿ ಅದು ಮತ್ತೆ ಆರಂಭವಾಗುವ ಸಂಭವ ಕಡಿಮೆ. ಮಗಳ ಮುಂದೆ ಅವನು ಬಾಯಿಬಿಟ್ಟರೆ ಆ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಬಳಸುವಂತಿಲ್ಲ. ಆದರೆ ನೆನಪು ಅಳಿಯುತ್ತಿರುವವನ ಬಾಯಿಂದ ಬಂದ ಮಾತನ್ನು ಎಷ್ಟು ನಂಬಬೇಕೆಂಬ ಪ್ರಶ್ನೆ ಅಲ್ಲೂ ಉಳಿಯುತ್ತದೆ.

ಕರಡು ಪ್ರತಿ:

ಎಲ್ಲರಿಗೂ ಋಣಿ. ಇನ್ನು ಮುಂದಿನ ಕೆಲಸ ಹೀಗೆಂದು ನಿಶ್ಚಯಿಸಿದ್ದೇನೆ. ತಂದೆಯೇ ಕೊಂದವನೆಂಬುದು ಓದುಗರಿಗೆ ಮೊದಲನೆಯ ಭಾಗದಲ್ಲೇ ತಿಳಿಯುತ್ತದೆ. ಅಕ್ಕನಿಗೆ ಗೊತ್ತಿತ್ತೆಂಬುದು ಮೂರನೆಯ ಒಂದು ಭಾಗ ಮುಗಿಯುವಷ್ಟರಲ್ಲಿ. ಕಂಡವಳು ತಂಗಿ ಎಂಬುದನ್ನು ಮಾತ್ರ ಅಕ್ಕ ನ್ಯಾಯಾಲಯದಲ್ಲಿ ಆ ಪ್ರಶ್ನೆಯನ್ನು ಎದುರಿಸುವವರೆಗೆ ಕಾಯ್ದಿಡುತ್ತೇನೆ. ಆ ಹೊತ್ತಿಗೆ ತಂಗಿಗೂ ಅದು ತಿಳಿದಿರಬಾರದು. ಅವಳು ಹಿಂದಿನ ಸಾಲಿನಲ್ಲಿ ಕುಳಿತು ಓದುಗರ ಜೊತೆಗೇ ಕೇಳಬೇಕು. ಇಬ್ಬರೂ ಒಟ್ಟಾಗಿ ರಕ್ತದ ಮಾದರಿ ಕೊಡುವ ಅಧ್ಯಾಯ ಅದಕ್ಕಿಂತ ಮೊದಲೇ ಬರುತ್ತದೆ.

ಅಕ್ಕ ಏನು ಉತ್ತರಿಸುತ್ತಾಳೆ ಎಂಬುದನ್ನು ಇನ್ನೂ ಬರೆದಿಲ್ಲ. ಕಪ್ಪು ಕೋಟು ಅವರೇ, ಒಂದೇ ಒಂದು ಸ್ಪಷ್ಟನೆ ಬೇಕು: ಆ ಪ್ರಶ್ನೆ ಬಂದಾಗ ಅಕ್ಕ ಉತ್ತರ ಹೇಳದೆ ಸುಮ್ಮನೆ ನಿಂತರೆ ನ್ಯಾಯಾಧೀಶರು ಏನು ಮಾಡುತ್ತಾರೆ?

ಕಪ್ಪು ಕೋಟು:

ಉತ್ತರಿಸಲೇಬೇಕೆಂದು ಆದೇಶಿಸುತ್ತಾರೆ. ಸಾಕ್ಷಿಗೆ, ಆರೋಪಿಗಿರುವಂತೆ, ಸುಮ್ಮನಿರುವ ಹಕ್ಕಿಲ್ಲ. ಉತ್ತರದಿಂದ ತಾನೇ ಸಿಕ್ಕಿಬೀಳುವಂತಿದ್ದರೂ ಹೇಳಬೇಕಾಗುತ್ತದೆ. ಹಾಗೆ ಬಲವಂತದಿಂದ ಹೇಳಿಸಿದ ಉತ್ತರವನ್ನು, ಸುಳ್ಳು ಸಾಕ್ಷ್ಯದ ಮೊಕದ್ದಮೆಯೊಂದನ್ನು ಬಿಟ್ಟು, ಅವಳ ವಿರುದ್ಧ ಬಳಸುವಂತಿಲ್ಲ ಎಂಬ ರಕ್ಷಣೆ ಮಾತ್ರ ಇದೆ.